ಕಾಣೆಯಾದ ಟಗರಿನ ಪೇಜು

ನಗಬೇಡ ಕಣೇ ಪ್ರಿಯಾಂಕಾ! ನಿಮ್ಮಜ್ಜಿ ಹೇಳೋದು ನಗೋ ಮಾತಾ? ಇನ್ನೊಂದ್ಸಲ ಓದು, ಆ ಮುದ್ದಪ್ಪನ ಫೋನಲ್ಲಿ ಏನಂತ ಬಂತು? "ನಾನೂರ ನಾಲ್ಕು. ಪುಟ ಸಿಗಲಿಲ್ಲ"... ಅಷ್ಟೇನಾ? ಅಯ್ಯೋ ನಿನ್ ಓದಿಗೆ! ಆ ಮನುಷ್ಯ ಹಿರೇನಲ್ಲೂರಲ್ಲಿ ಕೂತ್ಕಂಡು, ನೀನು ಮಾಡಿರೋ ಕುರಿ ಮಾರೋ ವೆಬ್ಬಲ್ಲಿ ನಮ್ಮ ಟಗರು ಭೂಪನ ಹಲ್ಲು ನೋಡಾಣ, ತೂಕ ನೋಡಾಣ, ಒಪ್ಪಿಗೆಯಾದ್ರೆ ಸಂಜೆಗೇ ಗಾಡಿ ತರಾಣ ಅಂತ ಫೋನ್ ತೆಗೆದವ್ನೆ. ಟಗರು ಕೇಳಿದೋನಿಗೆ ಲೆಕ್ಕ ಒಪ್ಪಿಸ್ತೀಯಲ್ಲೇ!

ಏನಂದೆ? ಎಲ್ಲಾ ಕಡೆನೂ ಹಂಗೇ ಬರುತ್ತಾ? ಬರ್ಲಿ ಬಿಡು. ನಮ್ಮೂರು ಯಗಟೀಲಿ ಯಾರಾದ್ರೂ ಬಾಗಿಲಿಗೆ ಬಂದು "ರವಿಕುಮಾರ ಅವ್ನಾ?" ಅಂದ್ರೆ, ನಾನು ಒಂದು ನಂಬರ್ ಒದರಿ ಕದ ಹಾಕ್ಕಂತೀನಾ? "ಬಾರಪ್ಪಾ, ಕೂತ್ಕ. ನನ್ ಮಗ ಕಡೂರಿಗೆ ಹೋಗವ್ನೆ, ಮಧ್ಯಾಹ್ನದ ಬಸ್ಸಿಗೆ ಬತ್ತಾನೆ. ಮಜ್ಜಿಗೆ ಕುಡಿ" ಅಂತೀನಿ. ಅದನ್ನೇ ಬರಿ. "ನೀವು ಕೇಳಿದ ಟಗರು ಇಲ್ಲಿಲ್ಲ. ಬೇರೆ ಕುರಿ ಅವೆ, ಇಲ್ಲಿ ಒತ್ತಿ ನೋಡಿ. ಇಲ್ದಿದ್ರೆ ಫೋನ್ ಮಾಡಿ." ಹಾಂ... ಈಗ ಬಂತು ನೋಡು ಬೆರಳಿಗೆ ಚುರುಕು!

ಇದಾದ್ರೂ ವಾಸಿ. ಮೊದಲು ಏನ್ ತೋರಿಸ್ತಿತ್ತು ನಿನ್ ವೆಬ್ಬು? ಕರುಳೆಲ್ಲಾ ಹೊರಗೆ! ಯಾವ ಸಾಲಲ್ಲಿ ತಪ್ಪೈತೆ, ಯಾವ ಪೆಟ್ಟಿಗೇಲಿ ಏನೈತೆ, ಉದ್ದಕ್ಕೆ ಇಂಗ್ಲೀಷಲ್ಲಿ... ಮಾಡೋರಿಗೆ ಮಾತ್ರ ಕಾಣ್ಬೇಕಿತ್ತು, ಮುಚ್ಚೋದು ಮರ್ತೆ ಅಂದೆಯಲ್ಲ ನೀನೇ. ಬಂದೋರ್ನ ಜಗಲೀಲಿ ಕೂರ್ಸೋ ಬದಲು, ಕರ್ಕಂಡ್ ಹೋಗಿ ಮಡಕೆಯೊಳಗೆ ಕೈ ಹಾಕಿಸಿದಂಗೆ!

ಇನ್ನೊಂದು ಬೇರೆ ಬರೀಬೇಕಾ? ಐನೂರಾ? ಯಂತ್ರನೇ ಕೆಟ್ರೆ ಬರೋದಾ? ನೋಡು, ಕೇಳಿದ್ದು ಇಲ್ಲದೆ ಇರೋದೇ ಬೇರೆ, ನಮ್ಮ ಮನೆಗೇ ಬೆಂಕಿ ಬಿದ್ದಿರೋದೇ ಬೇರೆ. ಎರಡಕ್ಕೂ ಒಂದೇ ಮುಖ ತೋರಿಸ್ಬೇಡ. "ತಪ್ಪು ನಮ್ದು, ಸರಿಮಾಡ್ತಾ ಇದೀವಿ, ಸ್ವಲ್ಪ ಬಿಟ್ಟು ಬನ್ನಿ" ಅನ್ನು. "ಏನೋ ತಪ್ಪಾಗಿದೆ" ಅಂತ ಗೀಚ್ಬೇಡ ಮತ್ತೆ. ಏನೋ ಅಂತೆ! ಯಾರೂ ಮಾಡ್ದೇ ತಾನಾಗಿ ಆಗ್ಬಿಡ್ತಂತೆ! ದೊಡ್ಡ ಸಾಹೇಬ್ರು ಮಾತಾಡ್ದಂಗೆ.

ಯಾಕೇ ಮುಖ ಊದಿಸ್ಕಂಡೆ? ನಿಮ್ಮಪ್ಪ ಬೈದಿದ್ದಾ? "ನಿನ್ ವೆಬ್ಬೇ ಸರಿಯಿಲ್ಲ, ಇಟ್ಟ ಟಗರೇ ಮಾಯ, ಊರೋರು ಯಾವ ಧೈರ್ಯದ ಮೇಲೆ ತಮ್ ಕುರಿ ಹಾಕ್ತಾರೆ" ಅಂದ್ನಾ... ಅನ್ಲಿ. ಅವನಿಗೇನ್ ಗೊತ್ತು, ಫೋನಲ್ಲಿ ಲೈಟ್ ಆರಿಸೋಕೂ ನಿನ್ನೇ ಕರೀತಾನೆ. ಮುದ್ದಪ್ಪ ಬರದೆ ಇದ್ರೆ ಹೋಯ್ತು. ಭೂಪ ಏನ್ ಹಸಿದವ್ನಾ? ಹುರುಳಿ ತಿನ್ಕಂಡು ಅಲ್ಲೇ ನಿಂತವ್ನೆ.

ತಿರುಗಾ ಹಾಕ್ತೀಯಾ ಅವನ ಪೇಜು? ಈಗ್ಲೇ? ಬ್ಯಾಡ ಬಿಡೇ... ಹಾಕಿದ್ರೂ ತಿರುಗಾ ಹೋಗುತ್ತೆ.

ತಾನಾಗಿ ಹೋಗಲ್ವಾ? ಯಾರೋ ಕೈತಪ್ಪಿ ಅಳಿಸವ್ರೆ ಅಂತೀಯಾ? ಏ, ಕೈತಪ್ಪಿ ಹೆಂಗೇ ಹೋಗುತ್ತೆ! ಫೋಟೋ ಕೆಳಗೆ ಕಸದ ಡಬ್ಬಿ ಚಿತ್ರ ಐತಲ್ಲ, ಅದನ್ನ ಒತ್ಬೇಕು, ಆಮೇಲೆ ಒಂದು ಕೆಂಪು ಪಟ್ಟಿ ಬರುತ್ತೆ, ಅದನ್ನೂ ಒತ್ಬೇಕು, ಅಷ್ಟಾದ್ರೂ ಬಿಡ್ದೆ ಇನ್ನೊಂದ್ಸಲ ಕೇಳುತ್ತೆ ಹಾಳಾದ್ದು...

...ಯಾಕೇ? ಬರೆಯೋದು ಯಾಕ್ ನಿಲ್ಲಿಸ್ದೆ?

ಹಂಗ್ ನೋಡ್ಬೇಡ. ನೀನು ಒತ್ತೋದು ನೋಡಿದ್ದೆ... ಯಾವಾಗ್ಲೋ. ಓದಕ್ಕೆ ಬರ್ದೋಳಿಗೆ ಚಿತ್ರ ಕಾಣಲ್ವಾ?

ಬೇಕಾದ್ರೆ ಬೈಯಿ. ಆಗ್ಲೇ ನಗ್ತಿದ್ದೆಯಲ್ಲ, ನಗು ಈಗ...

ಸರಿ. ನಿನ್ ಕೆಲಸದಲ್ಲಿ ತಪ್ಪಿಲ್ಲ ಅಂತ ಹೇಳು ನಿಮ್ಮಪ್ಪಂಗೆ. ಊರೋರಿಗೂ ಹೇಳು. ಅಜ್ಜಿ ಕೈ ಆಡಿಸಿದ್ಲು ಅನ್ನು, ಮುದುಕಿಗೆ ಬುದ್ಧಿಯಿಲ್ಲ ಅನ್ನು. ಯಾಕೆ ಅಂತ ಮಾತ್ರ ಹೇಳ್ಬೇಡ. ಗೊತ್ತಾದ್ರೆ ನಿಮ್ಮಪ್ಪ ನಾಳೆಯಿಂದ ನನ್ನನ್ನ ಕುರಿ ಹಿಂದೆ ಕಳಿಸಲ್ಲ, ಮೂಲೇಲಿ ಕೂರಿಸ್ತಾನೆ.

ಯಾಕೆ ಅಂತ ಕೇಳ್ತೀಯಾ, ತಾಯಿ... ಹೊತ್ತು ಮುಳುಗಿದ್ಮೇಲೆ ನಂಗೆ ದಾರಿ ಕಾಣಲ್ಲ. ಮಂದೆ ಮುಂದೆ ಭೂಪ ನಡೀತಾನೆ, ಅವನ ಕೊರಳ ಗಂಟೆ ಸದ್ದು ಕೇಳ್ಕಂಡೇ ನಾನು ಮನೆ ಸೇರ್ತಿರೋದು.