ನಡುಗುವ ಬೆರಳಿಗೆ ಕಾಯುವ ಗುಂಡಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವಿದ್ವಾಂಸರೇ, ಊಟದ ವೇಳೆ ಮೀರಿದರೂ ಕದಲದೆ ಕೂತಿರುವ ಸಭಿಕರೇ,

ಇವತ್ತು ಸನ್ಮಾನ ನಮ್ಮಕ್ಕನಿಗೆ. ಮನೆಯವರ ಪರವಾಗಿ ನಾನು ಎರಡು ಮಾತಾಡಬೇಕಂತೆ. ಗಡಿಯಾರ ರಿಪೇರಿಯವನು, ಹೊತ್ತಿಗೆ ಸರಿಯಾಗಿ ಮುಗಿಸುತ್ತಾನೆ ಅಂತ ನಂಬಿದ್ದಾರೆ, ಪಾಪ.

ಮನುಷ್ಯರ ಕೈಗೆ ಯಂತ್ರಗಳು ಒಗ್ಗುವುದು ಹೇಗೆ? ಇದೇ ಅಕ್ಕನ ಸಂಶೋಧನೆ. ಶುರುವಾಗಿದ್ದು ನಮ್ಮಮ್ಮನಿಂದ. ಅಮ್ಮನಿಗೆ ಕೈನಡುಕ. ಫೋನಿನಲ್ಲಿ ನನ್ನ ಹೆಸರು ಒತ್ತಲು ಹೋದರೆ ಕರೆ ಹೋಗುತ್ತಿದ್ದದ್ದು ನಲ್ಲಿ ರಿಪೇರಿಯವನಿಗೆ. ಅಮ್ಮನ ಯೋಗಕ್ಷೇಮ ಆ ಪುಣ್ಯಾತ್ಮನಿಗೇ ಹೆಚ್ಚು ಗೊತ್ತಿತ್ತು. ಆಗ ಅಕ್ಕ ಒಂದು ಉಪಾಯ ಹುಡುಕಿದಳು. ಬೆರಳು ತಗುಲಿದ ಕೂಡಲೇ ಅಲ್ಲ, ಒಂದು ಕಡೆ ನಿಂತು ಮೇಲೆದ್ದಾಗ ಮಾತ್ರ ಗುಂಡಿ ಒತ್ತಿದ ಲೆಕ್ಕ. ಅವತ್ತು ಅಮ್ಮನ ಕರೆ ನೇರ ನನಗೇ ಬಂತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗಿಯಿತು? ಅವಳ ಗುರುಗಳು ಕೇಳಿದರಂತೆ: "ನಿಮ್ಮಮ್ಮನಿಗೇನೋ ಅನುಕೂಲವಾಯಿತು. ನಿನ್ನ ಮುಖವನ್ನೇ ನೋಡದವರು ಇದನ್ನೇ ಬೇರೆ ಯಂತ್ರಕ್ಕೆ ಹಾಕಿಕೊಂಡರೆ ಕೆಲಸ ಮಾಡುತ್ತಾ? ಮಾಡಿದರೆ ಜ್ಞಾನ, ಇಲ್ಲದಿದ್ದರೆ ಬರೀ ಮಗಳ ಪ್ರೀತಿ." ಅಲ್ಲ ಸ್ವಾಮಿ, ಪ್ರೀತಿ ಅಂದರೆ ಅಷ್ಟು ಅಗ್ಗವೇ? ಅಕ್ಕ ಅವತ್ತು ಊಟ ಮಾಡಲಿಲ್ಲ.

ಆಮೇಲೆ ತನ್ನ ಉಪಾಯವನ್ನು ಅರ್ಧ ಪುಟಕ್ಕಿಳಿಸಿದಳು. ಯಾರಿಗೆ, ಯಾಕೆ, ಎಲ್ಲಿ ಬೇಡ, ಇಷ್ಟೇ. ಆಸ್ಪತ್ರೆಗಳಿಗೆ ಯಂತ್ರ ಮಾಡುವ, ಗುರುತು ಪರಿಚಯವಿಲ್ಲದ ಒಂದು ತಂಡಕ್ಕೆ ಕಳಿಸಿದಳು. ಅವರು ಅದನ್ನು ಓದಿಯೇ ಯಂತ್ರ ಮಾಡಬೇಕು, ಇವಳು ತುಟಿ ಬಿಚ್ಚಬಾರದು, ಅದೇ ಕಟ್ಟಳೆ. ಪ್ರಯೋಗದ ದಿನ ಗಾಜಿನಾಚೆ ಒಬ್ಬ ಅಜ್ಜ ಗುಂಡಿ ಒತ್ತಲು ತಡವರಿಸುತ್ತಿದ್ದರು. ಇವಳು ತಡೆಯಲಾರದೆ ಗಾಜು ಬಡಿದು, ಬೆರಳು ನಿಲ್ಲಿಸಿ ಅಂತ ಸನ್ನೆ ಮಾಡಿಬಿಟ್ಟಳು! ಆ ದಿನದ ಪ್ರಯೋಗವೆಲ್ಲ ನೀರುಪಾಲು. ಅಮ್ಮ ನಗುತ್ತಾ, "ಮಗು ಪರೀಕ್ಷೆ ಬರೆಯುವಾಗ ತಾಯಿ ಹೊರಗೆ ನಿಲ್ಲಬೇಕು ಕಣೇ" ಅಂದಳು.

ಮುಂದಿನ ಸಲ ಅಕ್ಕ ಹೊರಗೇ ನಿಂತಳು. ಉಪಾಯ ಗೆದ್ದಿತು. ಆದರೆ ಬೆರಳು ಮರಗಟ್ಟಿದವರಿಗೆ ಸೋತಿತು. ಆ ತಂಡದವರೇ ಅರ್ಧ ಪುಟಕ್ಕೆ ಅದರ ಬಗ್ಗೆ ಒಂದು ಸಾಲು ಸೇರಿಸಿ ಕಳಿಸಿದರು. ಅಕ್ಕನಿಗೆ ಬೇಜಾರಾಗಿರಬೇಕು ಅಂತ ನಾನು ಹೋದರೆ, ಅವಳ ಮುಖ ಊರಗಲ ಅರಳಿತ್ತು. "ನೋಡೋ, ನನಗೆ ಗೊತ್ತಿಲ್ಲದ್ದೂ ಈಗ ಅದರಲ್ಲಿದೆ" ಅಂದಳು.

ಮೊನ್ನೆ ದೂರದೂರಿನ ಆಸ್ಪತ್ರೆಗೆ ಹೋಗಿದ್ದೆ. ಯಾರನ್ನೋ ನೋಡಲು ಅಲ್ಲ... ನನ್ನ ಕೈ ತೋರಿಸಲು. ಈ ಕಾಗದ ಅಲ್ಲಾಡುತ್ತಿರುವುದು ಸಭಾಕಂಪನದಿಂದ ಅಂದುಕೊಂಡಿರಾ? ಸಣ್ಣ ಗಡಿಯಾರಗಳನ್ನು ಮುಟ್ಟುವುದು ಬಿಟ್ಟಿದ್ದೇನೆ. ಅಲ್ಲಿ ಚೀಟಿ ಕೊಡುವ ಯಂತ್ರದ ಮುಂದೆ ನನ್ನ ಬೆರಳು ಎಲ್ಲೆಲ್ಲೋ ಬಡಿಯಿತು. ಯಂತ್ರ ಸುಮ್ಮನೆ ಕಾದಿತ್ತು. ಬೆರಳು ನಿಂತಿತು, ಎದ್ದಿತು, ಚೀಟಿ ಬಂತು. ಇದನ್ನು ಯಾರು ಮಾಡಿದ್ದಮ್ಮಾ ಅಂತ ಅಲ್ಲಿದ್ದ ನರ್ಸನ್ನು ಕೇಳಿದೆ. ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿ, "ಯಾರೋ ಏನೋ. ಎಲ್ಲಾ ಕಡೆ ಹೀಗೇ ಇರುತ್ತಲ್ಲ?" ಅಂದರು.

ಅಕ್ಕಾ, ಕೈ ವಿಷಯ ನಿನಗೆ ಹೇಳಿರಲಿಲ್ಲ. ಹೇಳಲು ಹೊರಟಿದ್ದೂ ಅದಲ್ಲ, ನಿನ್ನ ಮುಖವನ್ನೇ ನೋಡದ ಆ ನರ್ಸಿನ ಮಾತು. ಅಳಬೇಡ, ಜನ ನೋಡುತ್ತಿದ್ದಾರೆ.

ಕರೆದವರಿಗೂ ಕೇಳಿದವರಿಗೂ ನಾನು ಋಣಿ. ನಮಸ್ಕಾರ.