ಹಳೇ ಹೆಸರಿನ ವೈಫೈ

ಸಂಜೆಯ ಮಳೆ ಬಿಡದೆ ಹಿಡಿದುಕೊಂಡಿತ್ತು. ನನ್ನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೊಳ್ಳಲು ಬಂದವರಿಗಿಂತ ನೆನೆಯಬಾರದೆಂದು ನುಗ್ಗಿದವರೇ ಹೆಚ್ಚಾಗಿದ್ದರು. ಎದುರುಗಡೆಯ ದರ್ಜಿ, ಔಷಧಿ ಅಂಗಡಿಯಾಕೆ, ಮತ್ತೆ ರೂಟರ್ ಕೊಂಡು ಹೊರಡಲಾಗದೆ ನಿಂತಿದ್ದ ಒಬ್ಬ ಗಿರಾಕಿ. ಮೂಲೆಯಲ್ಲಿ ವೈರಿನ ಸುರುಳಿಗಳ ಮೇಲೆ ಏಣಿ ತಾತ ಕಾಲು ಚಾಚಿ ಕೂತಿದ್ದ. ಸುತ್ತಲಿನ ಬೀದಿಗಳ ಅರ್ಧ ಮನೆಗಳಿಗೆ ಕ್ಯಾಮೆರಾ ಕೂರಿಸಿದವನು ಅವನು. ಏಣಿ ಹತ್ತಿ ಹತ್ತಿ ಮಂಡಿ ಸವೆದ ಮೇಲೆ ಕೂತಲ್ಲಿಂದಲೇ ಎಲ್ಲರ ಕೆಲಸಕ್ಕೂ ಕೊಂಕು ತೆಗೆಯುತ್ತಾನೆ.

ಹೊಸ ರೂಟರಿಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಟ್ಟರೆ ಕೆಲಸ ಸುಲಭವಂತೆ, ಹೌದೇ ಎಂದು ಗಿರಾಕಿ ಅವನನ್ನು ಕೇಳಿದ. ಕೈಯಲ್ಲಿದ್ದ ಫೋನನ್ನು ತಾತ ತೊಡೆಯ ಮೇಲೆ ಮಗುಚಿ ಇಟ್ಟ.

"ಸುಲಭವೇನೋ ಹೌದಪ್ಪ. ನಾವೆಲ್ಲ ಮಾಡೋದೂ ಅದೇ. ಹೊಸ ಹೆಸರಿಟ್ರೆ ಏನಾಗುತ್ತೆ ಹೇಳು? ಒಂದೊಂದು ಕ್ಯಾಮೆರಾಕ್ಕೂ ಮತ್ತೆ ಏಣಿ ಹಾಕಿ, ಗುಂಡಿ ಒತ್ತಿ, ಚಿಕ್ಕ ಮಗೂಗೆ ಹೇಳ್ಕೊಟ್ಟ ಹಾಗೆ ಹೇಳ್ಕೊಡ್ಬೇಕು. ಹಳೇ ಹೆಸರೇ ಇಟ್ಬಿಟ್ರೆ… ಹಿಂದೆ ಆ ಮನೇಲಿ ಸೇರ್ಕೊಂಡಿದ್ದ ಪ್ರತಿಯೊಂದೂ ಕರೀದೇನೇ ಬಂದು ಸೇರ್ಕೊಳ್ಳುತ್ತೆ. ಪ್ರತಿಯೊಂದೂ ಅಂದೆ, ಕೇಳಿಸ್ತಲ್ಲ?

"ಒಂದು ಮನೆ. ಗಂಡ ಗುಮಾಸ್ತ, ಹೆಂಡತಿ ಮನೇಲೇ ಮಕ್ಕಳಿಗೆ ಪಾಠ ಹೇಳ್ತಿದ್ಲು. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ರು. ಮಂಚದ ಮೇಲ್ಗಡೆ ಕ್ಯಾಮೆರಾ ಹಾಕಿದ್ದು ನಾನೇ. ಅದ್ರಲ್ಲಿ ಮಾತೂ ಕೇಳಿಸುತ್ತೆ, ಈ ಕಡೆಯಿಂದ ಮಾತಾಡಲೂಬಹುದು. ಅತ್ತೆ 'ಯಾರಿದ್ದೀರಿ?' ಅಂದ್ರೆ ಸಾಕು, ಇವಳು ಒಲೆ ಮುಂದಿಂದ ಫೋನಲ್ಲೇ 'ಬಂದೆ ಅತ್ತೆ' ಅಂದು ಓಡೋಳು. ನೀರು ಕುಡಿಸೋದು, ಮಗ್ಗುಲು ತಿರುಗಿಸೋದು, ಬಟ್ಟೆ ಬದಲಾಯಿಸೋದು… ಹಗಲಿಲ್ಲ ರಾತ್ರಿಯಿಲ್ಲ, ವರ್ಷಗಟ್ಟಲೆ. ಗಂಡನ ಫೋನಲ್ಲೂ ಆ ಕ್ಯಾಮೆರಾದ ಆ್ಯಪ್ ಇತ್ತು ಬಿಡಿ, ಅವನಿಗೆ ಮಾತ್ರ ಅದು ಯಾವತ್ತೂ ಕೇಳಿಸ್ತಿರಲಿಲ್ಲ. ಕೆಟ್ಟವನೇನಲ್ಲ. ಮನೇಲಿ ಏಳೋರು ಒಬ್ರಿದ್ರೆ ಇನ್ನೊಬ್ರಿಗೆ ಎದ್ದು ಅಭ್ಯಾಸವೇ ಆಗೋದಿಲ್ಲ, ಅಷ್ಟೇ.

"ಕೊನೆಗೂ ಅತ್ತೆ ತೀರ್ಕೊಂಡ್ರು. ಆ ರೂಮು ಒಡೆಸಿ ಕಾರು ನಿಲ್ಲಿಸೋಕೆ ಜಾಗ ಮಾಡಿದ್ರು, ನೆಟ್ ತೆಗೆಸಿದ್ರು. ಆ ಕ್ಯಾಮೆರಾ ಬಿಚ್ಚಿ ಗುಜರಿಗೆ ಹಾಕಿದ್ದೂ ನಾನೇ. ಅವಳ ಮುಖಕ್ಕೆ ಒಂದಿಷ್ಟು ಕಳೆ ಬಂತು. ನಿದ್ದೆ ಮಾಡಿದ್ಲು ನೋಡಿ, ನಿದ್ದೆ…

"ಆಮೇಲೆ ಬೀದೀಲಿ ಕಳ್ಳತನ ಆಯ್ತು ಅಂತ ಮತ್ತೆ ನೆಟ್ ಹಾಕಿಸಿದ್ರು. ಗೇಟಿನದೊಂದು, ಹಿತ್ತಿಲಿನದೊಂದು, ಎರಡು ಹಳೇ ಕ್ಯಾಮೆರಾ ಗೋಡೆ ಮೇಲೆ ಹಾಗೇ ಇದ್ವು. ಯಾರು ಏಣಿ ಹತ್ತುತ್ತಾರೆ ಅಂತ ಹಳೇ ಹೆಸರೇ ಇಟ್ಟೆ. ನನ್ನ ಫೋನಲ್ಲಿ ಗೇಟು ಬಂತು. ಹಿತ್ತಿಲು ಬಂತು. ಆಮೇಲೆ… ಮೂರನೇದೂ ಬಂತು.

"ಒತ್ತಿ ನೋಡಿದೆ. ಅದೇ ರೂಮು, ಅದೇ ಮಂಚ, ಅತ್ತೆ ಕಣ್ಣು ಬಿಟ್ಕೊಂಡು ಮಲಗಿದ್ದಾರೆ. ಹೊರಗೆ ಹೋಗಿ ನೋಡಿದೆ, ಅಲ್ಲಿ ಕಾರು ನಿಂತಿದೆ. ಒಳಗೆ ಬಂದೆ, ಫೋನಲ್ಲಿ ಮಂಚ ಇದೆ. 'ಯಾರಿದ್ದೀರಿ? ನೀರು' ಅಂತು ದನಿ. ನಾನು ಫೋನಿಂದ ತಲೆ ಎತ್ತೋ ಹೊತ್ತಿಗೆ ಅವಳು ಅಡುಗೆಮನೆಯಿಂದ ಲೋಟ ತುಂಬಿಸ್ಕೊಂಡು ಹೊರಟೇಬಿಟ್ಟಿದ್ಲು. ಬಾಗಿಲಿದ್ದ ಜಾಗದಲ್ಲಿ ಗೋಡೆ ಅಡ್ಡ ಬಂದಾಗಲೇ ಅವಳಿಗೆ ನೆನಪಾಗಿದ್ದು, ಅತ್ತೆ ಸತ್ತಿದ್ದಾರೆ ಅಂತ.

"ಈಗಲೇ ಹೆಸರು ಬದಲಾಯಿಸಿಬಿಡ್ತೀನಿ ತಾಯಿ ಅಂದೆ. ಅವಳು ಗೋಡೆಗೊರಗಿ ಕೇಳಿದ್ಲು, 'ಬದಲಾಯಿಸಿದ್ರೆ ಅತ್ತೆ ಕರೆಯೋದು ನಿಲ್ಲುತ್ತಾ, ಇಲ್ಲಾ ನಮಗೆ ಕೇಳಿಸೋದು ಮಾತ್ರ ನಿಲ್ಲುತ್ತಾ?' ನೀವಾಗಿದ್ರೆ ಏನು ಹೇಳ್ತಿದ್ರಿ? ಅವಳು ಫೋನ್ ತಗೊಂಡು 'ಬಂದೆ ಅತ್ತೆ' ಅಂದ್ಲು. ಆ ದನಿ ಕೇಳಿದ್ದೇ ತಡ, ಮುದುಕಿ ಕಣ್ಣು ಮುಚ್ಚಿದ್ರು. ಸ್ವಲ್ಪ ಹೊತ್ತು, ಅಷ್ಟೇ. ಮತ್ತೆ ಕರೆದ್ರು.

"ಮತ್ತೆ ಶುರುವಾಯ್ತು ಅವಳ ನಿದ್ದೆಗೇಡು. ಒಂದು ದಿನ ನೀವು ನೋಡ್ಕೊಳ್ಳಿ, ನಾನು ಮಲಗ್ತೀನಿ ಅಂತ ಗಂಡನನ್ನ ಕೇಳ್ಕೊಂಡಳಂತೆ. ಅದನ್ನ ಆರಿಸಿ ಬಿಸಾಕು ಅಂದನಂತೆ ಅವನು. ಹೋದ ವರ್ಷ ಬಟ್ಟೆ ಮಡಿಸ್ತಾ ಕೂತಲ್ಲೇ ಹೋಗಿಬಿಟ್ಲು.

"ಗಂಡ ಕರೆಸಿದ, ಇನ್ನಾದ್ರೂ ಹೆಸರು ಬದಲಾಯಿಸಿ ಅಂತ. ಬದಲಾಯಿಸೋ ಮುಂಚೆ ಇಬ್ಬರೂ ಒಂದು ಸಲ ನೋಡಿದ್ವಿ… ನೋಡಬಾರದಿತ್ತು. ಮುದುಕಿ ಮಲಗಿದ್ರು. ಮಂಚದ ಪಕ್ಕ ಕುರ್ಚಿ. ಕುರ್ಚೀಲಿ ಇವಳು, ಗೋಡೆಗೆ ತಲೆ ಆನಿಸ್ಕೊಂಡು, ಕಣ್ಣು ಕೆಂಪಗೆ. ಸತ್ತ ಮೇಲೂ ನಿದ್ದೆಗೆಟ್ಟ ಮುಖ ನೋಡಿದ್ದೀರಾ ಯಾರಾದ್ರೂ? ನಮ್ಮ ಕಡೆ ಮುಖ ಎತ್ತಿ, 'ರೀ… ಸ್ವಲ್ಪ ಹೊತ್ತು ನೀವು ಕೂತ್ಕೊಳ್ತೀರಾ?' ಅಂದ್ಲು.

"ಅವತ್ತೇ ಮೊದಲು ಅವನಿಗೆ ಕೇಳಿಸಿದ್ದು. ಬಿಕ್ಕಿ ಬಿಕ್ಕಿ ಅತ್ತ. ಹೆಸರು ಬದಲಾಯಿಸೋಕೆ ಬಿಡಲೇ ಇಲ್ಲ. ದಿನಾ ಅವಳು ಕೇಳೋದು, ನಾಳೆ ಅಂತ ಇವನು ಹೇಳೋದು. ಉತ್ತರ ಕೊಡಬೇಡಪ್ಪ ಅಂತ ನಾನೂ ಬಡ್ಕೊಂಡೆ. ನಿನ್ನೆ ಫೋನ್ ಮಾಡಿದ್ದ. ದನಿ ಹಗುರಾಗಿತ್ತು. 'ಇವತ್ತು ಹೂಂ ಅಂದುಬಿಟ್ಟೆ' ಅಂದ."

ತಾತ ಅಷ್ಟಕ್ಕೇ ನಿಲ್ಲಿಸಿ ಮಂಡಿ ನೀವಿಕೊಳ್ಳತೊಡಗಿದ. ಹೂಂ ಅಂದ ಮೇಲೆ ಏನಾಯಿತು ಎಂದು ದರ್ಜಿ ತುಸು ಜೋರಾಗಿಯೇ ಕೇಳಿದ. ತಾತ ತೊಡೆಯ ಮೇಲಿನ ಫೋನನ್ನು ಅಂಗೈಯಿಂದ ಮುಚ್ಚಿ ಹಿಡಿದ.

"ಬೆಳಿಗ್ಗೆಯಿಂದ ಫೋನ್ ಎತ್ತುತ್ತಿಲ್ಲ ಅವನು. ಆ ಆ್ಯಪ್ ನನ್ನ ಹತ್ರನೂ ಇದೆಯಲ್ಲ, ಕ್ಯಾಮೆರಾ ಕೂರಿಸಿದಾಗ ಹಾಕ್ಕೊಂಡಿದ್ದು… ನೋಡಿದೆ. ಕುರ್ಚೀಲಿ ಅವನು ಕೂತಿದ್ದಾನೆ. ಆ ಹೆಣ್ಣುಮಗಳು ಕೆಳಗೆ ನೆಲದ ಮೇಲೆ ಮುದುರಿ ಮಲಗಿದ್ದಾಳೆ, ಒಳ್ಳೇ ನಿದ್ದೆ. ಮೆಲ್ಲಗೆ ಮಾತಾಡಿ ಸ್ವಾಮಿ. ಇದಿನ್ನೂ ತೆರೆದೇ ಇದೆ, ನಮ್ಮ ಮಾತಿಗೆ ಅವಳಿಗೆ ಎಚ್ಚರ ಆಗೋದು ಬೇಡ."