ದೇವರಿಗೆ ಕೊಟ್ಟ ಮಾತು

ಮೆಡಿಕಲ್ ಶಾಪಿನಲ್ಲಿ ಔಷಧಿಗೆಂದು ಸಾಲಿನಲ್ಲಿದ್ದ ದರ್ಜಿಯ ಮುಂದೆ ಗಂಡ ಹೆಂಡತಿ ನಿಂತಿದ್ದರು. ಹೆಂಡತಿ ಇನ್ಸುಲಿನ್ ಚೀಟಿ ಚಾಚಿದ್ದೇ ತಡ, ಗಂಡ ಅವಳ ಕೈ ಹಿಡಿದ.

“ಮಗಳಿಗೆ ಇಂಜೆಕ್ಷನ್ ಬೇಡ ಅಂತ ದೇವರಿಗೆ ಮಾತು ಕೊಟ್ಟಿಲ್ವೇನೇ? ತಿಂಗಳಿಂದ ಅವನೇ ಕಾಪಾಡ್ತಿಲ್ವಾ?”

“ಇಂಜೆಕ್ಷನ್ ನಾನು ಕೊಡ್ತಿದ್ದೀನಿ ರೀ. ದಿನಾ, ನೀವು ಪ್ರಾರ್ಥನೆಗೆ ಕೂತಾಗ, ಬಚ್ಚಲುಮನೇಲಿ.”

ಗಂಡನ ಮುಖ ಬಿಳಿಚಿಕೊಂಡಿತು.

“ಬೈಯೋದಾದ್ರೆ ಮನೇಲಿ ಬೈರಿ.”

“ಅದಲ್ಲ ಕಣೇ... ದೇವರು ಔಷಧಿ ಇಲ್ದೇನೇ ಮಗಳನ್ನ ಉಳಿಸಿದ ಅಂತ ಮೊನ್ನೆ ಪ್ರಾರ್ಥನಾ ಸಭೇಲಿ ಹೇಳ್ಬಿಟ್ಟೆ. ಅದನ್ನ ಕೇಳಿ ನಮ್ಮ ಬೀದಿ ಮೇಷ್ಟ್ರು ಅವತ್ತೇ ತಮ್ಮ ಮಗನ ಇನ್ಸುಲಿನ್ ಇಂಜೆಕ್ಷನ್ ಎಲ್ಲಾ ಚರಂಡಿಗೆ ಎಸೆದ್ರು.”

ದರ್ಜಿ ಚಾಚಿದ್ದ ತನ್ನ ಚೀಟಿಯನ್ನು ಹಿಂದಕ್ಕೆಳೆದುಕೊಂಡ.

ಹೆಂಡತಿ ಅಂಗಡಿಯವನತ್ತ ತಿರುಗಿದಳು. “ಎರಡು ಕೊಡಿ ಅಣ್ಣಾ. ಬೇಗ!”

ಔಷಧಿ ಕೈಗೆ ಬಂದದ್ದೇ ಇಬ್ಬರೂ ಮೆಟ್ಟಿಲಿಳಿದು ಮೇಷ್ಟ್ರ ಮನೆಯತ್ತ ಓಡಿದರು. ಅವಳ ಚಪ್ಪಲಿಯೊಂದು ಸಾಲಿನಲ್ಲೇ ಉಳಿಯಿತು.